ಪ್ರತಿಕ್ರಿಯೆ: ಯಾವ ಚಾನೆಲ್ ನಂಬೂದು ಅಂತ ಕೇಳಿದವರಿಗೆ

ಸರ್, ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಚುನಾವಣಾ ಸುಧಾರಣೆಗೆ ಕೆಲಸ ಮಾಡೂ ಸಂಸ್ಥೆ) ತಗದ ಕೇಸಿರೂ ಶಾಸಕರ ಪಟ್ಟಿಯ ವರದಿಯನ್ನ ಒಂದು ಚಾನೆಲ್ 'ಕ್ರಿಮಿನಲ್ ಶಾಸಕರ ಬಣ್ಣ ಬಯಲು' ಅಂತು, ಇನ್ನೊಂದು 'ವಿದೇಶಿ ರೊಕ್ಕದ ಸಂಸ್ಥೆ' ಅಂತು, ಯಾರನ್ನ ನಂಬೂದು ಅಂತ ಕೇಳೀರಿ. ಇಬ್ಬರನ್ನೂ ಬಿಡ್ರಿ, ಅಭ್ಯರ್ಥಿಗಳು ನಾಮಪತ್ರದ ಜೋಡಿ ಕೊಟ್ಟ ಅಫಿಡವಿಟ್ ತಗದು ನೋಡ್ರಿ.

ಎಡಿಆರ್‌ನವರು ಆ ಪಟ್ಟಿಗೆ ಗುಟ್ಟಿನ ತನಿಖೆ ಏನೂ ಮಾಡಿರೂದಿಲ್ಲ. ಅಭ್ಯರ್ಥಿ ತನ್ನ ಮ್ಯಾಲಿನ ಕೇಸು ಬರದು, ತಾನ ಸಹಿ ಮಾಡಿ ಕೊಟ್ಟ ಆ ಅಫಿಡವಿಟ್ (ಫಾರ್ಮ್ 26) ಕೂಡಿಸಿ ಲೆಕ್ಕ ಹಾಕತಾರ, ಅಷ್ಟ. ಹಂಗ ಬರದು ಕೊಡಬೇಕು ಅಂತಾಗಿದ್ದು 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಆ ಕೇಸು ಶುರು ಮಾಡಿದವರೂ ಇವರ.

ಆಟ ನಡಿಯೂದು ಶಬ್ದದಾಗ. ವರದಿಯಾಗ 'ಪ್ರಕರಣ ಇದೆ' ಅಂತಿದ್ದದ್ದು ಹೆಡ್‌ಲೈನಿಗೆ ಬರೂದ್ರಾಗ 'ಅಪರಾಧಿ' ಆಗಿರತೈತಿ. ನಮ್ಮ ಬೆಳಗಾವ್ಯಾಗ ಕಬ್ಬಿನ ದರಕ್ಕ ರಸ್ತೆ ತಡದವನ ಮ್ಯಾಲೂ ಕೇಸು, ಕೊಲೆ ಯತ್ನ ಮಾಡಿದಾಂವನ ಮ್ಯಾಲೂ ಕೇಸು. 5 ವರ್ಷ ಅಥವಾ ಹೆಚ್ಚು ಶಿಕ್ಷೆ ಆಗಬಹುದಾದಂಥ ಕೇಸನ್ನ ಎಡಿಆರ್‌ನವರು 'ಗಂಭೀರ' ಅಂತ ಬ್ಯಾರೆ ಎಣಿಸಿರತಾರ. ಟಿವಿಯವರಿಗೆ ಆ ಕಾಲಂ ಕಾಣೂದಿಲ್ಲ. ಕಳೆದ ಚುನಾವಣೆಯಾಗ ಚನ್ನಮ್ಮ ಸರ್ಕಲ್ ಹತ್ರ ಚಹಾ ಕುಡಕೋತ ಎರಡು ಪೇಪರ್ ಮುಂದಿಟ್ಕೊಂಡು ನೋಡೇನಿ. ಪಟ್ಟಿ ಒಂದ, ಒಂದರಾಗ ಒಬ್ಬರ ಹೆಸರು ಮುಖಪುಟಕ್ಕ, ಇನ್ನೊಂದರಾಗ ಅದ ಹೆಸರು ಏಳನೇ ಪುಟದ ಮೂಲ್ಯಾಗ, ರಾಶಿಭವಿಷ್ಯದ ಕೆಳಗ!

ಎಡಿಆರ್‌ಗೆ ರೊಕ್ಕ ಎಲ್ಲಿಂದ ಬಂತು ಅಂತ ಕೇಳೂದು ತಪ್ಪಲ್ಲ, ಕೇಳಬೇಕು. ಆದ್ರ ಅದರಿಂದ ಅಫಿಡವಿಟ್ ಸುಳ್ಳಾಗೂದಿಲ್ಲ.

ಒಂದು ಕೆಲಸ ಮಾಡ್ರಿ. ಹೆಸರು ಹೇಳದ ಪಕ್ಷಗಳಿಗೆ ದೇಣಿಗೆ ಕೊಡೂ ಚುನಾವಣಾ ಬಾಂಡ್ ಯೋಜನೆಯನ್ನ ಸುಪ್ರೀಂ ಕೋರ್ಟ್ ರದ್ದು ಮಾಡಿದ 2024ರ ಫೆಬ್ರುವರಿ 15ರ ಸುದ್ದಿ ತಗೀರಿ, ಅದರಾಗೂ ಎಡಿಆರ್ ಅರ್ಜಿದಾರ. ಆ ದಿನ ನಿಮ್ಮ ಚಾನೆಲ್ ಇವರಿಗೆ ಏನಂತು, ಶಾಸಕರ ಪಟ್ಟಿ ಬಂದ ದಿನ ಏನಂತು, ಬಾಜೂಕ ಬಾಜೂ ಇಟ್ಟು ನೋಡ್ರಿ.