“ಬೆಳ್ಳಗಾಗಿದ್ದೀಯಲ್ಲ!” ಎನ್ನುವವರಿಗೆ ಏನು ಹೇಳಲಿ?

ಓದುಗರ ಪತ್ರ:

“ಹತ್ತು ತಿಂಗಳಿಂದ ಮುಖಕ್ಕೂ ಕುತ್ತಿಗೆಗೂ ಒಂದು ಕ್ರೀಮ್ ಹಚ್ಚುತ್ತಿದ್ದೇನೆ. ಪರಿಚಯದವರೊಬ್ಬರು ತಂದುಕೊಟ್ಟದ್ದು, ಒಳಗೇನಿದೆ ಎಂದು ಅದರ ಮೇಲೆ ಬರೆದಿಲ್ಲ. ಬಣ್ಣವಂತೂ ತಿಳಿಯಾಗಿದೆ. ಈಗ ಎಲ್ಲರ ಬಾಯಲ್ಲೂ ನನ್ನ ಮುಖದ್ದೇ ಮಾತು. ಚಿಕ್ಕಮ್ಮ ಕಂಡಾಗಲೆಲ್ಲ ಹೊಗಳುತ್ತಾರೆ. ಸಹೋದ್ಯೋಗಿಯೊಬ್ಬರು ಎಲ್ಲರೆದುರು ‘ಯಾವ ಕ್ರೀಮ್?’ ಎಂದು ಕೇಳಿದಾಗ ಗಾಬರಿಯಲ್ಲಿ ‘ಬಂಗಿಗೆ ಔಷಧ’ ಎಂದು ಸುಳ್ಳು ಹೇಳಿದೆ. ನನ್ನದೇ ಬಣ್ಣದ ಅಕ್ಕ ‘ನಮ್ಮ ಬಣ್ಣ ನಿನಗೆ ಬೇಡವಾಯಿತೇ?’ ಎಂದಳು, ಅಂದಿನಿಂದ ಸರಿಯಾಗಿ ಮಾತನಾಡಿಲ್ಲ. ಎಂಟು ವರ್ಷದ ಮಗಳು ‘ನಾನೂ ಹಚ್ಚಿಕೊಳ್ಳಲೇ?’ ಎನ್ನುತ್ತಾಳೆ. ಇವರಿಗೆಲ್ಲ ಏನು ಉತ್ತರ ಕೊಡಲಿ? ಎರಡು ದಿನ ಹಚ್ಚದಿದ್ದರೆ ಮುಖ ಕೆಂಪಾಗಿ ಉರಿಯುತ್ತದೆ, ಹಾಗಾಗಿ ನಿಲ್ಲಿಸಲೂ ಭಯ.”

(ಹೆಸರು ಬೇಡ ಎಂದಿರುವ ಓದುಗರು)

ಸಂಪಾದಕರ ಉತ್ತರ:

ಆತ್ಮೀಯರೇ,

ನಿಮ್ಮ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರಿಸುತ್ತೇನೆ. ನೀವು ಅದನ್ನು ಮರೆತು ನೆನಪಾದಂತೆ ಬರೆದಿದ್ದೀರಿ. ನನಗೆ ಮಾತ್ರ ಉಳಿದ ಪತ್ರವನ್ನೆಲ್ಲ ಬದಿಗಿಟ್ಟು ಅಲ್ಲಿಯೇ ನಿಲ್ಲಬೇಕಾಯಿತು. ಹಚ್ಚಿದಷ್ಟು ದಿನ ಹೊಳಪು, ಬಿಟ್ಟ ಎರಡೇ ದಿನಕ್ಕೆ ಕೆಂಪು ಮತ್ತು ಉರಿ ಎಂದರೆ ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರಬಹುದು ಎಂಬ ಅನುಮಾನ ಬಲವಾಗಿ ಬರುತ್ತದೆ. ಸ್ಟೀರಾಯ್ಡ್ ಚರ್ಮದ ರಕ್ತನಾಳಗಳನ್ನು ಬಿಗಿಯುತ್ತದೆ, ಬಣ್ಣದ ಕೋಶಗಳ ಕೆಲಸವನ್ನು ತಗ್ಗಿಸುತ್ತದೆ. ಮುಖ ಬೇಗ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಸಣ್ಣ ಕೆಂಪು ನಾಳಗಳು ಎದ್ದು ಕಾಣುತ್ತವೆ, ಮೊಡವೆ ಬರುತ್ತದೆ, ಮುಖದಲ್ಲಿ ಕೂದಲು ಬೆಳೆಯುವುದೂ ಉಂಟು. ಬಿಟ್ಟರೆ ಉರಿ, ಉರಿಗೆ ಹೆದರಿ ಮತ್ತೆ ಹಚ್ಚುವುದು: ಬಹಳ ಜನ ಸಿಕ್ಕಿಕೊಳ್ಳುವುದು ಈ ಸುಳಿಯಲ್ಲಿಯೇ. ಇದರಲ್ಲಿ ನಿಮ್ಮ ಮನೋಬಲದ ಕೊರತೆ ಏನೂ ಇಲ್ಲ. ಈ ವಾರವೇ ಚರ್ಮವೈದ್ಯರನ್ನು ಕಾಣಿರಿ. ಹೇಗೆ ನಿಲ್ಲಿಸಬೇಕು, ಉರಿಗೆ ಏನು ಮಾಡಬೇಕು ಎಂಬುದನ್ನು ಅವರು ನಿಮ್ಮ ಚರ್ಮ ನೋಡಿ ಹೇಳಬೇಕು. ನಾನು ಇಲ್ಲಿ ಕುಳಿತು ಹೇಳುವ ವಿಷಯವಲ್ಲ ಅದು.

ಒಳಗಿರುವುದು ಇನ್ನೊಂದು ವಸ್ತುವೂ ಆಗಿರಬಹುದು. ಹೆಸರಿಲ್ಲದ ಟ್ಯೂಬುಗಳಲ್ಲಿ ಪಾದರಸ ಸಿಕ್ಕಿದ ಪ್ರಕರಣಗಳು ಹಲವು ದೇಶಗಳಲ್ಲಿವೆ. ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನೂ ನರಗಳನ್ನೂ ಕೆಡಿಸುತ್ತದೆ. ಪಾದರಸದ ಬಗ್ಗೆ 2013ರಲ್ಲಿ ಆದ ಮಿನಮಾಟಾ ಅಂತರರಾಷ್ಟ್ರೀಯ ಒಪ್ಪಂದ, ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಪಾದರಸವಿರುವ ಸೌಂದರ್ಯ ಸಾಧನಗಳನ್ನು 2020ರೊಳಗೆ ಕೈಬಿಡಬೇಕೆಂದು ಹೇಳಿತ್ತು. 2023ರಲ್ಲಿ ಆ ಮಿತಿಯನ್ನೂ ತೆಗೆದು, ಪಾದರಸ ಸೇರಿಸಿದ ಎಲ್ಲ ಸೌಂದರ್ಯ ಸಾಧನಗಳಿಗೂ 2025ರ ಗಡುವು ಹಾಕಲಾಯಿತು. ಆದರೂ ಮಾರಾಟ ನಿಂತಿಲ್ಲ. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣ ನಿಮ್ಮ ಮಗಳು. ಪಾದರಸ ಹಚ್ಚಿಕೊಂಡವರಲ್ಲಿಯೇ ಉಳಿಯುವುದಿಲ್ಲ. ಟವೆಲಿನಿಂದ, ದಿಂಬಿನಿಂದ, ಕೆನ್ನೆಗೆ ಕೆನ್ನೆ ತಾಗಿಸಿದಾಗ ಮಕ್ಕಳಿಗೂ ತಲುಪುತ್ತದೆ. ವೈದ್ಯರನ್ನು ಕಾಣುವವರೆಗೆ ನಿಮ್ಮ ಟವೆಲನ್ನೂ ದಿಂಬನ್ನೂ ಬೇರೆ ಇಟ್ಟುಕೊಳ್ಳಿ.

ಇನ್ನು ಜನರ ಮಾತು. ಟೀಕೆಗೆ ಏನು ಹೇಳಲಿ ಎಂಬ ಧಾಟಿಯಲ್ಲಿ ನೀವು ಕೇಳಿದ್ದೀರಿ. ನನ್ನ ಚಿಂತೆ ಚಿಕ್ಕಮ್ಮನ ಹೊಗಳಿಕೆಯ ಬಗ್ಗೆ. ಚುಚ್ಚು ಮಾತಿಗೆ ಮನಸ್ಸು ತಾನಾಗಿ ಎದುರು ನಿಲ್ಲುತ್ತದೆ, ಹೊಗಳಿಕೆಗೆ ಕರಗುತ್ತದೆ. “ಎಷ್ಟು ಚೆನ್ನಾಗಿ ಬಣ್ಣ ಬಂದಿದೆ!” ಎಂದು ಅವರು ಅಂದ ರಾತ್ರಿ ನೀವು ಕನ್ನಡಿಯ ಮುಂದೆ ಇನ್ನೂ ಸ್ವಲ್ಪ ಹೆಚ್ಚು ಹಚ್ಚಿಕೊಂಡಿರುತ್ತೀರಿ. ಊಹಿಸಿ ಹೇಳುತ್ತಿಲ್ಲ. ವರ್ಷಗಳ ಹಿಂದೆ ಸಂಬಂಧಿಕರ ಹುಡುಗಿಯೊಬ್ಬಳಿಗೆ ನಾನೇ “ಈಗ ಮುಖದಲ್ಲಿ ಕಳೆ ಬಂದಿದೆ ನೋಡು” ಎಂದಿದ್ದೆ. ಪ್ರೀತಿಯಿಂದಲೇ ಅಂದದ್ದು. ಬಹಳ ದಿನಗಳ ನಂತರ ಅವಳು ಹೇಳಿದಳು: ಅಷ್ಟರಲ್ಲಿ ತಾನು ಹಚ್ಚುತ್ತಿದ್ದ ಇಂಥದೇ ಕ್ರೀಮ್ ಬಿಡಬೇಕೆಂದು ನಿರ್ಧರಿಸಿದ್ದಳಂತೆ, ನನ್ನ ಮಾತು ಕೇಳಿ ಮತ್ತೆ ಆರು ತಿಂಗಳು ಹಚ್ಚಿದಳಂತೆ. ಆ ಆರು ತಿಂಗಳಲ್ಲಿ ನನ್ನ ಪಾಲಿದೆ.

ಆದ್ದರಿಂದ ಚಿಕ್ಕಮ್ಮನೊಂದಿಗೆ ಒಮ್ಮೆ, ಇಬ್ಬರೇ ಇರುವಾಗ ಮಾತನಾಡಿ. “ಚಿಕ್ಕಮ್ಮ, ನೀವು ಪ್ರೀತಿಯಿಂದ ಹೇಳುತ್ತೀರಿ, ನನಗೆ ಗೊತ್ತು. ಆದರೆ ಈ ಕ್ರೀಮಿನಿಂದ ನನಗೆ ತೊಂದರೆಯಾಗಿದೆ, ಬಿಡುತ್ತಿದ್ದೇನೆ. ಬಣ್ಣ ಮೊದಲಿನಂತೆ ಆಗುತ್ತದೆ. ಆಗ ಕಪ್ಪಾದೆ ಎನ್ನಬೇಡಿ.” ಇಷ್ಟೇ ಸಾಕು. ಇದನ್ನು ಮೊದಲೇ ಹೇಳಿಟ್ಟುಕೊಳ್ಳಬೇಕು, ಏಕೆಂದರೆ ಬಣ್ಣ ಬಹುಮಟ್ಟಿಗೆ ಮರಳಿ ಬರುತ್ತದೆ. ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳು ಸಾಮಾನ್ಯವಾಗಿ ಸತ್ತಿರುವುದಿಲ್ಲ, ಅವುಗಳ ಕೈ ಕಟ್ಟಿರುತ್ತದೆ, ಅಷ್ಟೇ. ಕಟ್ಟು ಬಿಚ್ಚಿದ ಮೇಲೆ ಕೆಲಸ ಶುರುಮಾಡುತ್ತವೆ. ಆ ವಾರಗಳಲ್ಲಿ “ಯಾಕೆ, ಹುಷಾರಿಲ್ಲವೇ? ಸೊರಗಿದ್ದೀಯ” ಎಂಬ ಮಾತು ಕೇಳಬೇಕಾಗುತ್ತದೆ. ಹೆಚ್ಚಿನವರು ಟ್ಯೂಬಿಗೆ ಮರಳುವುದು ಈ ಹಂತದಲ್ಲಿ. “ಹುಷಾರಾಗಿದ್ದೇನೆ, ಈಗಲೇ ಹುಷಾರಾಗುತ್ತಿರುವುದು” ಎಂದು ಹೇಳಿ; ಅದು ನಿಜವೂ ಹೌದು.

ಸಹೋದ್ಯೋಗಿಗೆ ನೀವು ಲೆಕ್ಕ ಒಪ್ಪಿಸಬೇಕಾಗಿಲ್ಲ. “ಅದು ನನ್ನ ಸ್ವಂತ ವಿಷಯ” ಎಂದರೆ ಒರಟಾಗುವುದಿಲ್ಲ. ಸುಳ್ಳು ಮಾತ್ರ ಬೇಡ. ಮೌನವನ್ನು ಕಾಪಾಡಿಕೊಳ್ಳುವುದು ಸುಲಭ, ಸುಳ್ಳನ್ನು ದಿನವೂ ನೆನಪಿಟ್ಟುಕೊಳ್ಳಬೇಕು. ಮೇಲಾಗಿ ಬಂಗು ಎಂಬುದು ನಿಜವಾದ ತೊಂದರೆ. ಅದಕ್ಕೆ ವೈದ್ಯರು, ಬಣ್ಣ ತಿಳಿಯಾಗಿಸುವ ಹೈಡ್ರೊಕ್ವಿನೋನ್ ಇರುವ ಔಷಧವನ್ನು ಕೆಲವು ತಿಂಗಳ ಮಟ್ಟಿಗೆ, ಕಣ್ಣಿಟ್ಟು ಕೊಡುವುದುಂಟು. ಅದೇ ವಸ್ತುವನ್ನು ಯಾರ ನಿಗಾ ಇಲ್ಲದೆ ವರ್ಷಗಟ್ಟಲೆ ಬಳಿದುಕೊಂಡವರಲ್ಲಿ ಕೆಲವರಿಗೆ ನೀಲಿಗಪ್ಪು ಕಲೆಗಳು ಮೂಡಿ ಹೋಗದೇ ಉಳಿಯುತ್ತವೆ. ನೀವು ಹೇಳಿದ “ಬಂಗಿಗೆ ಔಷಧ” ಎಂಬ ಮಾತನ್ನು ನಂಬಿ ಬಂಗು ಇರುವ ಯಾರೋ ಆ ಟ್ಯೂಬನ್ನು ಹುಡುಕಿಕೊಂಡು ಹೋಗಬಾರದು. ಸಹೋದ್ಯೋಗಿ ಕೇಳಿದ್ದು ಕುತೂಹಲಕ್ಕಲ್ಲ, ತಾವೂ ಹಚ್ಚಿಕೊಳ್ಳಲು ಎಂದು ನಿಮಗೆ ಅನಿಸಿದರೆ ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿ. ಅಲ್ಲಿ ಮಾತ್ರ ಸ್ವಂತ ವಿಷಯ ಎಂದು ಸುಮ್ಮನಿರಲು ನಮಗೆ ಹಕ್ಕಿಲ್ಲ ಎಂದು ನಾನು ನಂಬುತ್ತೇನೆ.

ಚರ್ಮ ನೋಡಿ ಮನಸ್ಸನ್ನು ಓದಿದೆವೆಂದು ಜನ ಎಷ್ಟು ಬೇಗ ತಿಳಿದುಬಿಡುತ್ತಾರೆ ಎಂಬುದಕ್ಕೆ ಅಮೆರಿಕದ ಕಪ್ಪು ಜನಾಂಗದ ಗಾಯಕ ಮೈಕಲ್ ಜಾಕ್ಸನ್ ಅವರಿಗಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ. ತನಗೆ ಚರ್ಮದ ಬಣ್ಣ ಹೋಗುವ ಕಾಯಿಲೆ ಇದೆ ಎಂದು ಅವರು 1993ರಲ್ಲಿ ಓಪ್ರಾ ವಿನ್‌ಫ್ರೀ ಅವರೊಂದಿಗಿನ ದೂರದರ್ಶನ ಸಂದರ್ಶನದಲ್ಲಿ ಹೇಳಿದರು. ಬಹಳ ಜನ ನಂಬಲಿಲ್ಲ. ತನ್ನ ಜನರ ಬಣ್ಣ ಬೇಡವಾಗಿ ಬೆಳ್ಳಗಾದ ಎಂದೇ ಆಡಿಕೊಂಡರು. 2009ರಲ್ಲಿ ಅವರು ತೀರಿಕೊಂಡ ಮೇಲೆ ಮರಣೋತ್ತರ ಪರೀಕ್ಷೆಯ ವರದಿ ತೊನ್ನು ಇದ್ದದ್ದನ್ನು ದೃಢಪಡಿಸಿತು. ತೊನ್ನು ಮೈಯನ್ನೆಲ್ಲ ಆವರಿಸಿದಾಗ, ಉಳಿದ ಬಣ್ಣವನ್ನು ಶಾಶ್ವತವಾಗಿ ತೆಗೆಯುವ ಔಷಧವೂ ವೈದ್ಯಶಾಸ್ತ್ರದಲ್ಲಿದೆ. ಹಾಗೆ ಮಾಡಿಸಿಕೊಂಡವರನ್ನು ದಾರಿಯಲ್ಲಿ ಕಂಡವರು ಏನೆಂದುಕೊಳ್ಳುತ್ತಾರೋ ಯೋಚಿಸಿ. ನಿಮ್ಮ ಕಾರಣ ಬೇರೆಯೇ ಇರಬಹುದು. ಅದು ಏನೆಂದು ನಾನೂ ಕೇಳುವುದಿಲ್ಲ.

ಅಕ್ಕನ ಮಾತು ಹಾಗಲ್ಲ. ಅವರಿಗೆ ಕೇಳುವ ಹಕ್ಕಿದೆ. ನೀವು ನಿಮ್ಮ ಮುಖಕ್ಕೆ ಮಾತ್ರ ಹಚ್ಚಿಕೊಂಡಿರಿ, ಆದರೆ ಅದೇ ಮುಖ ಅವರಿಗೂ ಇದೆ. “ನಮ್ಮ ಬಣ್ಣ” ಎಂದರು, ಗಮನಿಸಿದಿರಾ? ಅದು ಬೈಗುಳದಂತೆ ಕೇಳಿಸಿತು, ನಿಜ. ನನಗೆ ಅದರಲ್ಲಿ ಒಬ್ಬಳೇ ಉಳಿದುಬಿಟ್ಟೆನೇ ಎಂಬ ಭಯ ಕಾಣುತ್ತದೆ. ಎಣ್ಣೆಗಪ್ಪು ಎನ್ನುತ್ತೇವಲ್ಲ, ಎಷ್ಟು ಚೆಂದದ ಪದ ಅದು! ಅಂಥ ಪದವಿರುವ ನುಡಿಯಲ್ಲಿಯೇ “ಕಪ್ಪಾದರೂ ಲಕ್ಷಣವಾಗಿದ್ದಾಳೆ” ಎಂಬ ಮಾತನ್ನೂ ನೀವಿಬ್ಬರು ಚಿಕ್ಕಂದಿನಿಂದ ಕೇಳಿ ಬೆಳೆದಿರುತ್ತೀರಿ. ಆ “ಆದರೂ” ನಿಮ್ಮನ್ನು ಟ್ಯೂಬಿನ ಕಡೆಗೆ ತಳ್ಳಿತು, ಅವರನ್ನು ಹಟದ ಕಡೆಗೆ. ಕಪ್ಪೆಂದು ಹೀಯಾಳಿಸಿಕೊಂಡವರು ಬಣ್ಣ ತಿಳಿಯಾಗಿಸಿಕೊಂಡಾಗ ಅದಕ್ಕೂ ಹೀಯಾಳಿಸಿಕೊಳ್ಳಬೇಕೆಂಬುದು ಅನ್ಯಾಯ. ನಿಮ್ಮ ಅಕ್ಕನಿಗೂ ಇದು ಒಳಗೊಳಗೆ ಗೊತ್ತಿರುತ್ತದೆ.

ಅವರ ಮುಂದೆ “ನನ್ನ ಇಷ್ಟ” ಎಂಬ ಮಾತನ್ನು ಎತ್ತಬೇಡಿ. ಸಹೋದ್ಯೋಗಿಗೆ ಸಾಕಾಗುವ ಆ ಮಾತು ಅಕ್ಕನಿಗೆ ಬಾಗಿಲು ಹಾಕಿದಂತೆ. ಮೊಬೈಲಿನಲ್ಲಿ ಸಂದೇಶ ಕಳಿಸುವುದೂ ಬೇಡ. ಎದುರು ಕುಳಿತು, “ಆ ಮಾತು ನನ್ನನ್ನು ಬಹಳ ನೋಯಿಸಿತು. ನಿನ್ನನ್ನೂ ನಾನು ನೋಯಿಸಿದೆ ಅಲ್ಲವೇ?” ಎಂದು ಕೇಳಿ, ಅವರಿಗೆ ಮಾತನಾಡಲು ಬಿಡಿ. ಅವರು ಸಿಟ್ಟಿನಿಂದಲೇ ಶುರುಮಾಡಬಹುದು. ನಡುವೆ ಸಮರ್ಥನೆಗೆ ಇಳಿಯದೆ ಕೇಳಿಸಿಕೊಳ್ಳಿ.

ಮಗಳಿಗೆ ಇವತ್ತೇ ಉತ್ತರ ಕೊಡಿ. “ದೊಡ್ಡವಳಾದ ಮೇಲೆ” ಎಂದಿರಾದರೆ ಅದು ಒಳ್ಳೆಯ ವಸ್ತು, ತನಗಿನ್ನೂ ವಯಸ್ಸಾಗಿಲ್ಲ ಎಂದು ಅವಳು ತಿಳಿಯುತ್ತಾಳೆ. ಮಕ್ಕಳು ಈ ವಿಷಯವನ್ನು ಎಷ್ಟು ಬೇಗ ಕಲಿಯುತ್ತಾರೆಂದರೆ, 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮೀ ಕ್ಲಾರ್ಕ್ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಕಂದು ಮತ್ತು ಬಿಳಿ ಬೊಂಬೆಗಳನ್ನಿಟ್ಟು ಯಾವುದು ಒಳ್ಳೆಯದು ಎಂದು ಕೇಳಿದಾಗ, ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದರು. ನಿಮ್ಮ ಮಗಳಿಗೆ ಎಂಟು ವರ್ಷ. ಅವಳಿಗೆ ನಿಜ ಹೇಳಿ: “ಈ ಕ್ರೀಮ್ ಹಚ್ಚಿ ಅಮ್ಮ ತಪ್ಪು ಮಾಡಿದಳು. ಮುಖ ಉರಿಯುತ್ತಿದೆ, ವೈದ್ಯರ ಹತ್ತಿರ ಹೋಗುತ್ತಿದ್ದೇನೆ.” ಕೇಳುವ ಮನಸ್ಸಿದ್ದರೆ ಇನ್ನೊಂದನ್ನೂ ಹೇಳಬಹುದು: ಎಲ್ಲರ ಚರ್ಮದಲ್ಲೂ ಬಣ್ಣ ಮಾಡುವ ಕೋಶಗಳು ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿರುತ್ತವೆ, ಅವಳ ಕೋಶಗಳು ಬಿಸಿಲಿನಿಂದ ಕಾಪಾಡಲು ಹೆಚ್ಚು ಬಣ್ಣ ಮಾಡುತ್ತವೆ. ಎಂಟು ವರ್ಷದವರಿಗೆ ಇಂಥ ವಿಷಯ ಬಹಳ ಇಷ್ಟವಾಗುತ್ತದೆ. ಮರುದಿನ ಶಾಲೆಯಲ್ಲಿ ಹೇಳಿಯೇ ಹೇಳುತ್ತಾಳೆ.

ಆ ಟ್ಯೂಬನ್ನು ಎಸೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಗಳ ಕೈಗೆ ಸಿಗದಂತೆ ಎತ್ತಿಡಿ. ವೈದ್ಯರು ಅದನ್ನು ನೋಡಬೇಕಾಗುತ್ತದೆ, ಮೂತ್ರ ಪರೀಕ್ಷೆಯನ್ನೂ ಹೇಳಬಹುದು. ಒಬ್ಬರೇ ಹೋಗಬೇಡಿ. ಅಕ್ಕನಿಗೆ ಫೋನ್ ಮಾಡಿ, ಜೊತೆಗೆ ಬರುತ್ತೀಯಾ ಎಂದು ಕೇಳಿ.