ಬಬಲ್ ಟಿಪ್ ಅನಿಮೋನ್ ಬಿಳಿಚುತ್ತಿದ್ದರೆ

ಎರಡು ತಿಂಗಳ ಉಪ್ಪುನೀರಿನ ಮೀನಿನ ಟ್ಯಾಂಕಿಗೆ ಬಬಲ್ ಟಿಪ್ ಅನಿಮೋನ್ (ಕಲ್ಲಿಗೆ ಅಂಟಿ ಬದುಕುವ, ಹೂವಿನಂತೆ ಕಾಣುವ ಕಡಲಜೀವಿ) ಬಿಟ್ಟಿದ್ದೀರಿ; ಅದು ಒಂದು ಕಡೆ ನಿಲ್ಲುತ್ತಿಲ್ಲ, ಬಿಳಿಚುತ್ತಿದೆ, ರಾತ್ರಿ ಮುದುಡುತ್ತದೆ ಅಂದಿದ್ದೀರಿ. ಮುದುಡುವುದಕ್ಕೆ ಹೆದರಬೇಡಿ. ಒಳಗಿನ ನೀರನ್ನೂ ಕಂದು ಲೋಳೆಯನ್ನೂ ಹೊರಹಾಕಿ ಮತ್ತೆ ಉಬ್ಬುತ್ತದೆ. ಬಾಯಿ ನೋಡಿ: ಬಿಗಿಯಾಗಿ ಮುಚ್ಚಿದ್ದರೆ ಸರಿ, ಗಂಟೆಗಟ್ಟಲೆ ತೆರೆದೇ ಇದ್ದು ಒಳಪೊರೆ ಹೊರಗೆ ಇಣುಕುತ್ತಿದ್ದರೆ ಅಪಾಯ.

ನಿಜವಾದ ತೊಂದರೆ ಬಿಳಿಚುವುದು. ಅದರ ಮೈಯೊಳಗಿನ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಕೊಡುತ್ತದೆ. ಪಾಚಿ ಹೋದರೆ ಅನಿಮೋನ್ ಉಪವಾಸ ಬೀಳುತ್ತದೆ. ಹಾಗಂತ ಲೈಟನ್ನು ಒಮ್ಮೆಲೇ ಏರಿಸಬೇಡಿ, ವಾರಕ್ಕೆ ಶೇ. 5ರಷ್ಟು ಸಾಕು. ಬಣ್ಣ ಮರಳುವವರೆಗೆ ವಾರಕ್ಕೆ 2–3 ಸಲ ಅರ್ಧ ಬಟಾಣಿ ಗಾತ್ರದ ಹಸಿ ಸಿಗಡಿ ಚೂರನ್ನು ಬಾಯಿಯ ಹತ್ತಿರ ಇಡಿ. ದೊಡ್ಡ ತುಂಡು ಕೊಟ್ಟರೆ ಅರಗದೆ ಉಗುಳುತ್ತದೆ, ನೀರೂ ಕೆಡುತ್ತದೆ.

ನೀರಿನ ಸಾಪೇಕ್ಷ ಸಾಂದ್ರತೆ (ಉಪ್ಪಿನಂಶದ ಅಳತೆ) 1.025–1.026, ಉಷ್ಣತೆ 25–26 ಡಿಗ್ರಿ ಸೆಲ್ಸಿಯಸ್, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 10 ಭಾಗ) ಒಳಗಿರಲಿ. ಹೊಸ ಟ್ಯಾಂಕಿನಲ್ಲಿ ಇವು ದಿನದಿಂದ ದಿನಕ್ಕೆ ಏರುಪೇರಾಗುತ್ತವೆ. ಅನಿಮೋನ್ ಬಿಡುವ ಮೊದಲು ಆರು ತಿಂಗಳಾದರೂ ಕಾಯಿರಿ ಅನ್ನುವುದು ಅದಕ್ಕೇ. ಆವಿಯಾದಷ್ಟು ನೀರನ್ನು ದಿನಾ ತುಂಬಿ. ಅದು ಆರ್‌ಓ-ಡಿಐ (ಲವಣಗಳನ್ನೆಲ್ಲ ಸೋಸಿ ತೆಗೆದ) ಸಿಹಿನೀರೇ ಆಗಿರಬೇಕು, ಯಾಕೆಂದರೆ ಉಪ್ಪು ಆವಿಯಾಗುವುದಿಲ್ಲ.

ಪವರ್‌ಹೆಡ್‌ನ (ಟ್ಯಾಂಕಿನೊಳಗೆ ನೀರು ತಿರುಗಿಸುವ ಪಂಪಿನ) ನೀರೆಳೆಯುವ ಬಾಯಿಗೆ ಇವತ್ತೇ ಸ್ಪಂಜು ಕಟ್ಟಿ. ಅಲೆಯುವ ಅನಿಮೋನ್ ಅಲ್ಲೇ ಸಿಕ್ಕಿ ಹರಿದುಹೋಗುತ್ತದೆ. ಅದರ ಪಾದ (ಕಲ್ಲಿಗೆ ಅಂಟಿಕೊಳ್ಳುವ ಬುಡ) ಹಿಡಿದು ಎಳೆಯಬೇಡಿ, ಪಾದ ಹರಿದರೆ ಬದುಕುವುದು ಕಷ್ಟ. ತಾಮ್ರವಿರುವ ಮೀನಿನ ಔಷಧಿ ಆ ಟ್ಯಾಂಕಿಗೆ ಬೇಡವೇ ಬೇಡ. ಮೈ ಕರಗಿ ಕೊಳೆತ ವಾಸನೆ ಬಂದರೆ ಮಾತ್ರ ಆ ಕ್ಷಣವೇ ಹೊರತೆಗೆಯಿರಿ, ಇಲ್ಲದಿದ್ದರೆ ಅಮೋನಿಯಾ ಏರಿ ಮೀನುಗಳೂ ಸಾಯುತ್ತವೆ.