ಆಟಿಸಂ ಇರುವ ಮಗುವಿನ ವರ್ತನೆ ಹಠವೇ?

ಅಕ್ಕನ ಆರು ವರ್ಷದ ಮಗನಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿದ್ದಾರೆ, ಅವನು ಮುಖ ನೋಡಿ ಮಾತನಾಡುವುದಿಲ್ಲ, ಕೇಳಿದ ಮಾತನ್ನೇ ತಿರುಗಿ ಒಪ್ಪಿಸುತ್ತಾನೆ, ಸಣ್ಣ ಬದಲಾವಣೆಗೂ ರಂಪ ಮಾಡುತ್ತಾನೆ, ಇದೆಲ್ಲ ಹಠವೇ ಎಂದು ಮಂಡ್ಯದಿಂದ ಕೇಳಿದ್ದೀರಿ. ನಾನು ವೈದ್ಯನಲ್ಲ. ಆಟಿಸಂ ಇರುವ ತಮ್ಮನೊಡನೆ ಮೈಸೂರಿನಲ್ಲಿ ಬೆಳೆದವನು. ಹಠ ಎಂಬ ಪದವನ್ನು ಮನೆಯಲ್ಲಿ ಕೈಬಿಟ್ಟ ಮೇಲೆಯೇ ಅವನು ನಮಗೆ ಅರ್ಥವಾಗತೊಡಗಿದನು.

ಬಾಯಾರಿದಾಗ ಅವನು ಅಮ್ಮನ ಬಳಿ ಬಂದು ‘ನಿನಗೆ ನೀರು ಬೇಕಾ?’ ಎನ್ನುತ್ತಿದ್ದನು. ಅಮ್ಮ ಬೇಡವೆಂದರೆ ಅಳು. ನೀರು ಕೊಡುವಾಗ ಅಮ್ಮ ಆಡುತ್ತಿದ್ದ ಮಾತೇ ಅದು. ಆ ಇಡೀ ವಾಕ್ಯವನ್ನು ಅವನು ನೀರಿನ ಹೆಸರೆಂಬಂತೆ ಎತ್ತಿಟ್ಟುಕೊಂಡಿದ್ದನೆಂದು ತಿಳಿಯಲು ನಮಗೆ ಬಹಳ ಕಾಲ ಹಿಡಿಯಿತು. ಅವನು ರೈಲು ನಿಲ್ದಾಣದ ‘ಪ್ರಯಾಣಿಕರ ಗಮನಕ್ಕೆ’ ಎಂಬ ಮಾತನ್ನು ಆಡಿದರೆ, ರೈಲಿನಲ್ಲಿ ಮಂಡ್ಯದ ಅಜ್ಜಿಯ ಮನೆಗೆ ಹೋಗೋಣ ಎಂದರ್ಥ. ಎಕೋಲೇಲಿಯಾ ಎಂದು ಕರೆಯುವ ಈ ಮರುನುಡಿ ಬಹಳ ಸಲ ಅರ್ಥವಿಲ್ಲದ ಗಿಣಿಪಾಠವಲ್ಲ, ಮಗುವಿಗೆ ಒದಗಿದ ಭಾಷೆ.

ಸದ್ದು, ಸ್ಪರ್ಶಗಳು ಅತಿಯಾಗಿಯೋ ಕಡಿಮೆಯಾಗಿಯೋ ನಾಟುವ ಇಂದ್ರಿಯಗಳ ವಿಷಯವೂ ಅಷ್ಟೇ ಮುಖ್ಯ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯದ ಕೈಪಿಡಿ 2013ರಲ್ಲಿ ಇದನ್ನು ಆಟಿಸಂನ ಲಕ್ಷಣಗಳ ಸಾಲಿಗೆ ಸೇರಿಸಿತು. ನಮ್ಮ ಅಡುಗೆಮನೆಗೆ ಅದು ಮೊದಲೇ ಗೊತ್ತಿತ್ತು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿ ಓಡುವ ತಮ್ಮನೇ ಗಡಗಡ ನಡುಗುವ ವಾಷಿಂಗ್ ಮೆಷಿನ್ನಿಗೆ ಕೆನ್ನೆಯೊತ್ತಿ ನೆಮ್ಮದಿಯಾಗಿ ನಿಲ್ಲುತ್ತಾನೆ. ಒಂದು ಸದ್ದು ಅತಿಯಾಗಿ ನಾಟುತ್ತದೆ, ಇನ್ನೊಂದು ಸ್ಪರ್ಶ ಸಾಲದೆನಿಸುತ್ತದೆ. ಜಂಬೂ ಸವಾರಿಯ ದಿನ ಕುಶಾಲತೋಪು ಹಾರುವ ಹೊತ್ತಿಗೆ ನಾವು ಊರಿನಲ್ಲೇ ಇರುವುದಿಲ್ಲ.

ರಂಪದ ಬಗ್ಗೆ ಒಂದು ಮಾತು. ಒಮ್ಮೆ ರಸ್ತೆ ಅಗೆದಿದ್ದರಿಂದ ಅಪ್ಪ ಸ್ಕೂಟರನ್ನು ಬೇರೆ ದಾರಿಗೆ ತಿರುಗಿಸಿದಾಗ ಅವನು ಇಳಿದು ನೆಲಕ್ಕೆ ಬಿದ್ದು ಅತ್ತನು. ಬೇಕಾದ್ದಕ್ಕಾಗಿ ಅಳುವ ಮಗು ಹೆತ್ತವರು ನೋಡುತ್ತಿದ್ದಾರೆಯೇ ಎಂದು ಓರೆಗಣ್ಣಿನಲ್ಲಿ ಗಮನಿಸುತ್ತದೆ. ಅವನು ಯಾರನ್ನೂ ನೋಡುತ್ತಿರಲಿಲ್ಲ. ಮುಂದೇನು ಎಂಬುದು ತಿಳಿಯದ ದಿಗಿಲು ಅದು. ಗದರಿದಷ್ಟೂ ಹೆಚ್ಚುತ್ತದೆ. ಈಗ ದಿನದ ಕೆಲಸಗಳನ್ನು ಚಿತ್ರವಾಗಿ ಬರೆದು ಬೆಳಿಗ್ಗೆಯೇ ಗೋಡೆಗೆ ಅಂಟಿಸುತ್ತೇವೆ; ಬದಲಾವಣೆಯಿದ್ದರೆ ಅದನ್ನೂ ಬರೆಯುತ್ತೇವೆ.

ಗಲ್ಲ ಹಿಡಿದು ಮುಖ ನೋಡಿಸಬೇಡಿ. ನೋಡುವುದು ಮತ್ತು ಕೇಳಿಸಿಕೊಳ್ಳುವುದು ಎರಡನ್ನೂ ಒಟ್ಟಿಗೆ ಮಾಡುವುದೇ ಹಲವರಿಗೆ ಕಷ್ಟ. ನನ್ನ ತಮ್ಮ ಕಿಟಕಿಯತ್ತ ನೋಡುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಿರುತ್ತಾನೆ. ನಿಮ್ಮ ಅಕ್ಕನನ್ನು ಬಂಧುಗಳು ದೂರುತ್ತಿದ್ದರೆ, ತಾಯಿಯ ಪಾಲನೆಯಿಂದ ಆಟಿಸಂ ಬರುತ್ತದೆಂಬ ವಾದ ಎಂದೋ ಬಿದ್ದುಹೋಗಿದೆಯೆಂದೂ, ಲಸಿಕೆಯತ್ತ ಬೆರಳು ತೋರಿದ 1998ರ ಲೇಖನವನ್ನು 2010ರಲ್ಲಿ ಹಿಂತೆಗೆದುಕೊಳ್ಳಲಾಯಿತೆಂದೂ ಹೇಳಿ.

ಇಷ್ಟೆಲ್ಲ ನನ್ನ ತಮ್ಮನ ಕಥೆ. ನಿಮ್ಮ ಹುಡುಗನಿಗೆ ಕುಕ್ಕರ್ ಸದ್ದೇ ಇಷ್ಟವಿರಬಹುದು. ಎರಡು ವಾರ ಅವನು ಮರುಕಳಿಸುವ ವಾಕ್ಯಗಳನ್ನೂ, ಪ್ರತಿ ರಂಪಕ್ಕೆ ಮುಂಚೆ ನಡೆದುದನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಾತಿನ ತಪಾಸಣೆಗೆಂದು ಹೋಗುವಾಗ ಆ ಪುಸ್ತಕವನ್ನು ಜೊತೆಗೆ ಒಯ್ಯಿರಿ.